ತೆಂಗಿನ ಗುಂಪಿನ ದಪ್ಪ ಫೈಲುಗಳು

ಇಂಟರ್‌ನೆಟ್ ಅಂಗಡಿ ಇಟ್ಟವನು ಬೇರೆ ಏನೂ ಸಂಪಾದಿಸದಿದ್ದರೂ, ಹೇಳಿಕೊಂಡು ನಗುವುದಕ್ಕೆ ನಾಲ್ಕು ಸಂಗತಿಯನ್ನಂತೂ ಸಂಪಾದಿಸುತ್ತಾನೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು, ನನ್ನ ಹತ್ತಿರ ಅವು ಇನ್ನೂ ಮುಗಿದಿಲ್ಲ.

ತಿಪಟೂರಿನ ಮಾರ್ಕೆಟ್ ಯಾರ್ಡಿನ ಹತ್ತಿರ, ಮೊದಲು ಟೈಪಿಂಗ್ ಕಲಿಸುತ್ತಿದ್ದ ಮಹಡಿಯಲ್ಲೇ ನಾಲ್ಕಾರು ಕಂಪ್ಯೂಟರ್ ಹಾಕಿಕೊಂಡು ಕೂತಿದ್ದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಇಂಟರ್‌ನೆಟ್ ಫೋನಿನ ತಂತಿಯಲ್ಲೇ ಬರಬೇಕು. ಬರುವಾಗ ಕಿರುಚಿಕೊಂಡು ಬರುತ್ತಿತ್ತು, ಬಂದ ಮೇಲೆ ಮಲಗಿಬಿಡುತ್ತಿತ್ತು. ಅದೇ ಹೊತ್ತಿಗೆ ನಮ್ಮ ಸೀಮೆಯ ತೆಂಗಿಗೆ ನುಸಿ ಬಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಜೀವ. ಕಾಯಿಯ ತೊಟ್ಟಿನ ಕೆಳಗೆ ಕೂತು ರಸ ಹೀರುತ್ತದೆ, ಕಾಯಿ ಮೈಯೆಲ್ಲ ಕಂದು ಗೀರಾಗಿ ಸಣ್ಣದಾಗಿ ಉಳಿದುಬಿಡುತ್ತದೆ. ಏನು ಮಾಡುವುದು ಅಂತ ಎಲ್ಲರೂ ಎಲ್ಲರನ್ನೂ ಕೇಳುತ್ತಿದ್ದರು. ಕೇಳುವುದನ್ನು ಒಂದೇ ಕಡೆ ಕೇಳಲಿ ಅಂತ ನಾನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುವ ಚರ್ಚೆಯ ಗುಂಪೊಂದನ್ನು ಶುರುಮಾಡಿದೆ. ಒಬ್ಬರು ಗುಂಪಿಗೆ ಬರೆದರೆ ಅದು ಎಲ್ಲರ ಇ-ಮೇಲ್ ಪೆಟ್ಟಿಗೆಗೂ ಹೋಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಬೆಳೆಗಾರರು, ಕೊಬ್ಬರಿ ವ್ಯಾಪಾರಿಗಳು ಸೇರಿಕೊಂಡರು. ಆಗಿನ ಪೆಟ್ಟಿಗೆ ಅಂದರೆ ಅಜ್ಜಿಯರ ಎಲೆಅಡಿಕೆ ಚೀಲದಷ್ಟು. ಕೆಲವು ದೊಡ್ಡ ಫೋಟೋ ಬಿದ್ದರೆ ಭರ್ತಿ. ಆಮೇಲೆ ಬಂದ ಪತ್ರವೆಲ್ಲ ಕಳಿಸಿದವರಿಗೇ ವಾಪಸ್.

ಗುಂಪಿನ ಮರ್ಯಾದೆ ಉಳಿಸಿದ್ದವರು ಹಾಸನದ ಡಾಕ್ಟ್ರು. ಮನುಷ್ಯರ ಡಾಕ್ಟ್ರಲ್ಲ. ಜೀವಮಾನವೆಲ್ಲ ತೆಂಗಿನ ಕೀಟಗಳನ್ನು ನೋಡಿ ರಿಟೈರಾಗಿ ಹಾಸನದಲ್ಲಿ ಮನೆ ಮಾಡಿಕೊಂಡಿದ್ದವರು. ಗೊತ್ತಿದ್ದವರ ಕೈಲಿ ಹೇಳಿಸಿ, ಹತ್ತಾರು ಪತ್ರ ಬರೆದು ಅವರನ್ನು ಗುಂಪಿಗೆ ಎಳೆದಿದ್ದೆ. ಬರುವಾಗಲೇ ಷರತ್ತು ಹಾಕಿದರು: ಫೋನ್ ನಂಬರ್ ಕೇಳಬಾರದು, ಮನೆ ವಿಳಾಸ ಕೇಳಬಾರದು, ಏನಿದ್ದರೂ ಬರೆದು ಕೇಳಬೇಕು. ಬಹಳ ತಿಳಿದವರು ಹೀಗೆ ಅಂತ ನಾನೂ ಒಪ್ಪಿಕೊಂಡೆ.

ಜಲಪಾತದ ಮುಂದೆ ತೆಂಗಿನಕಾಯಿ

ಡಾಕ್ಟ್ರ ಮಾತು ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿದ್ದದ್ದು ದಬ್ಬೇಘಟ್ಟದ ಮೇಷ್ಟ್ರಿಗೆ. ನನಗೆ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಾವೇ ಗುಂಡಿ ತೋಡಿ ಸಸಿ ಇಟ್ಟು, ರಜದಲ್ಲೆಲ್ಲ ನೀರು ಹೊತ್ತು ಬೆಳೆಸಿದ ತೋಟ ಅವರದು. ಈಗ ಕಾಯಿಯೆಲ್ಲ ಗೀರು ಬಿದ್ದಿತ್ತು. ಪಕ್ಕದ ತೋಟದವರು, ಇದು ಮರಕ್ಕೇ ಬಂದ ರೋಗ, ಕಡಿದು ಹಾಕದಿದ್ದರೆ ನಮ್ಮದಕ್ಕೂ ಹರಡುತ್ತದೆ ಅಂತ ದಿನಾ ಬಾಗಿಲಿಗೆ ಬರುತ್ತಿದ್ದರು. ಮರ ಕುಯ್ಯುವವನು ಬಂದು ತೋಟ ಒಂದು ಸುತ್ತು ಹಾಕಿಕೊಂಡೂ ಹೋಗಿದ್ದ.

ಮೇಷ್ಟ್ರು ನನ್ನ ಅಂಗಡಿಗೆ ಬಂದು ಕೂತರು. "ಡಾಕ್ಟ್ರು ಕಡಿ ಅಂದ್ರೆ ಕಡಿಸ್ತೀನಿ. ಬ್ಯಾಡ ಅಂದ್ರೆ ಯಾರು ಬಂದ್ರೂ ಮುಟ್ಟುಸಲ್ಲ. ಅವರ ಬಾಯಲ್ಲಿ ಒಂದು ಮಾತು ಕೇಳಿಸ್ಕೊಡು ಕಣಯ್ಯ," ಅಂದರು.

ಕಾಯಿ ನೋಡದೆ ಡಾಕ್ಟ್ರು ಹೇಳುವವರಲ್ಲ. ಫೋಟೋ ಕಳಿಸಬೇಕು. ನಮ್ಮ ಬೀದಿಯಲ್ಲಿ ಸ್ಕ್ಯಾನರ್ ಇದ್ದದ್ದು ಕೆಳಗಿನ ಫೋಟೋ ಸ್ಟುಡಿಯೋದ ಭಾಯಿ ಹತ್ತಿರ. ಅವರ ಅಜ್ಜನ ಕಾಲದಿಂದಲೂ ಊರಿನ ಮದುವೆಗಳೆಲ್ಲ ಅವರ ಕ್ಯಾಮೆರಾದಲ್ಲೇ ಆಗಿದ್ದವು. ಭಾಯಿ ಕೈಗೆ ಏನು ಕೊಟ್ಟರೂ ಮದುಮಗಳ ಹಾಗೇ ತೆಗೆಯುತ್ತಾರೆ. ಮೇಷ್ಟ್ರ ಕಾಯಿಗಳನ್ನು ಒರೆಸಿ, ಸ್ಟೂಲಿನ ಮೇಲೆ ಕೂರಿಸಿ, ಹಿಂದೆ ತಮ್ಮ ಹೆಸರಾದ ಜಲಪಾತದ ಪರದೆ ಬಿಟ್ಟು, ಒಂದೊಂದಕ್ಕೂ ಮುಂದೆ, ಹಿಂದೆ, ಎಡ, ಬಲ ಅಂತ ತೆಗೆದರು. ಸ್ವಲ್ಪ ಸಣ್ಣದು ಮಾಡಿ ಸ್ಕ್ಯಾನ್ ಮಾಡಿ ಭಾಯಿ ಅಂದೆ. ಆಗಲ್ಲ, ಹಾಸನದವರು ನನ್ನ ಕೆಲಸ ನೋಡ್ತಾರೆ, ಮಸುಕಾಗಿ ಹೋದರೆ ಹೆಸರು ಕೆಡುತ್ತದೆ ಅಂದರು. ಎಷ್ಟು ದೊಡ್ಡದು ಸಾಧ್ಯವೋ ಅಷ್ಟು ದೊಡ್ಡದಾಗಿ ಮಾಡಿಕೊಟ್ಟರು. ಮೇಷ್ಟ್ರು ಅಷ್ಟನ್ನೂ ಡಾಕ್ಟ್ರಿಗೊಬ್ಬರಿಗೇ ಕಳಿಸುವ ಬದಲು ಇಡೀ ಗುಂಪಿಗೆ ಕಳಿಸಿದರು. ಎಲ್ಲರೂ ನೋಡಲಿ ಅನ್ನುವ ಒಳ್ಳೆಯ ಮನಸ್ಸು.

ಮೂರು ತಾಲ್ಲೂಕಿನ ಪೆಟ್ಟಿಗೆಗಳು ಒಂದೇ ಮಧ್ಯಾಹ್ನ ಮುಚ್ಚಿಹೋದವು. ಹಾಸನದಲ್ಲಿ ಡಾಕ್ಟ್ರು ಮೊದಲನೇ ಫೋಟೋ ತೆರೆದು ಕಾದರು. ಆಗ ಚಿತ್ರ ಒಂದೇ ಸಲ ಬರುತ್ತಿರಲಿಲ್ಲ, ಮೇಲಿನಿಂದ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮೋಡ ಬಂತು, ಬೆಟ್ಟ ಬಂತು, ಜಲಪಾತ ಅರ್ಧ ಬಂತು, ಫೋನ್ ಲೈನ್ ಕಟ್ಟಾಯಿತು. ಮತ್ತೆ ಮೊದಲಿಂದ. ಕೊನೆಗೆ ಅವರು ಎರಡೇ ಮಾತಿನ ಉತ್ತರ ಬರೆದರು: "ಜಲಪಾತ ಚೆನ್ನಾಗಿದೆ. ಕಾಯಿ ಎಲ್ಲಿ?"

ತಲುಪಿತು ಅನ್ನಬೇಡವೇ

ಮಾರನೇ ದಿನ ಡಾಕ್ಟ್ರು ಸಮಾಧಾನವಾಗಿಯೇ ಬುದ್ಧಿ ಹೇಳಿ ಗುಂಪಿಗೆ ಬರೆದರು. ಫೋಟೋ ಸಣ್ಣದು ಮಾಡಿ ಕಳಿಸಿ. ಒಂದೆರಡು ಸಾಕು. ದೊಡ್ಡ ಫೈಲ್ ಇದ್ದರೆ ಎಲ್ಲರ ಪೆಟ್ಟಿಗೆಗೂ ತುರುಕಬೇಡಿ. ಗುಂಪಿಗೆ ಅಂತಲೇ ಫೈಲ್ ಇಡುವ ಜಾಗವಿದೆ, ಅಲ್ಲಿಟ್ಟು ಲಿಂಕ್ ಕೊಡಿ, ಎಷ್ಟು ದಪ್ಪ ಇದೆ ಅಂತಲೂ ಬರೆಯಿರಿ, ಬೇಕಾದವರು ಇಳಿಸಿಕೊಳ್ಳುತ್ತಾರೆ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಇವತ್ತಿಗೂ ಕಾಣುವುದಿಲ್ಲ.

ಆದರೆ ಗುಂಪಿನಲ್ಲಿ ಸಾಹುಕಾರ್ರಿದ್ದರು. ಯಾರ್ಡಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು, ದೊಡ್ಡ ಕೈ, ದೊಡ್ಡ ಗಂಟಲು. ಪತ್ರ ಬಂದರೆ ತಲುಪಿತು ಅಂತ ತಿಳಿಸದೆ ಇರುವುದು ಅವರ ಮನೆತನದಲ್ಲಿಲ್ಲ. ಕಂಪ್ಯೂಟರಿನಲ್ಲಿ ಅವರು ಕಲಿತಿದ್ದದ್ದು ಒಂದೇ ದಾರಿ: ಮೇಷ್ಟ್ರ ಪತ್ರ ತೆರೆಯುವುದು, 'ಫಾರ್ವರ್ಡ್' ಒತ್ತುವುದು, ತಲೆಯ ಮೇಲೆ ತಮ್ಮ ಮಾತು ಬರೆಯುವುದು, ಗುಂಪಿಗೆ ಕಳಿಸುವುದು. ಹೇಳುವುದು ಏನೇ ಇರಲಿ, ಅದು ಮೇಷ್ಟ್ರ ಪತ್ರದ ತಲೆಯ ಮೇಲೆ ಕೂತು, ಜಲಪಾತಗಳನ್ನೆಲ್ಲ ಬಾಲಕ್ಕೆ ಕಟ್ಟಿಕೊಂಡು ಹೋಗುತ್ತಿತ್ತು. ಹೀಗೆ ಮಾಡಿದರೆ ಸುಲಭ ಅಂತ ಮಂಡಿಗೆ ಬಂದವರಿಗೆಲ್ಲ ಹೇಳಿಕೊಟ್ಟೂಬಿಟ್ಟಿದ್ದರು.

ನಾನು ಮಂಡಿಗೆ ಹೋಗಿ ಡಾಕ್ಟ್ರ ಮಾತನ್ನು ಅವರಿಗೆ ಓದಿ ಹೇಳಿದೆ. ಸಾಹುಕಾರ್ರು ಕೇಳಿ ತಲೆದೂಗಿದರು. ನ್ಯಾಯವಾದ ಮಾತು, ಇನ್ನು ಮೇಲೆ ಯಾರೂ ದೊಡ್ಡ ಫೋಟೋ ಕಳಿಸಕೂಡದು, ಎಲ್ಲರಿಗೂ ನಾನೇ ಹೇಳುತ್ತೇನೆ ಅಂದರು. ಸಂಜೆಯೊಳಗೆ ಹೇಳಿದರು. ಊರಿನವರೆಲ್ಲ ಒಪ್ಪಿದರು. ಒಬ್ಬೊಬ್ಬರೂ 'ಒಪ್ಪಿದೆ' ಅಂತ ಬರೆದು ಗುಂಪಿಗೆ ಕಳಿಸಿದರು, ಒಂದೊಂದು ಒಪ್ಪಿಗೆಯ ಹಿಂದೆಯೂ ಮೇಷ್ಟ್ರ ಕಾಯಿಗಳು ಮುಂದೆ, ಹಿಂದೆ, ಎಡ, ಬಲ.

ಪಾಲು

ಇದು ಚಿಕ್ಕದು. ಡಾಕ್ಟ್ರು ಒಬ್ಬೊಬ್ಬರಿಗೆ ಹೇಳಿ ಸಾಕಾಗಿ, ನುಸಿಯ ವಿಷಯವನ್ನೆಲ್ಲ ಒಂದು ಪುಸ್ತಿಕೆ ಮಾಡಿ, ತಾವು ಹೇಳಿದ ಹಾಗೇ ಗುಂಪಿನ ಜಾಗದಲ್ಲಿಟ್ಟು ಲಿಂಕ್ ಕೊಟ್ಟರು. ಅಷ್ಟು ದೊಡ್ಡದನ್ನು ಹಳ್ಳಿಯ ಫೋನ್ ಲೈನಿನಲ್ಲಿ ಇಳಿಸಿಕೊಳ್ಳುವುದು ಕಷ್ಟ. ಹಾಗಾಗಿ ಲಿಂಕ್ ಕೈಹಿಡಿಯದವರಿಗೆ ನಾನೇ ಇಳಿಸಿ, ತುಂಡು ಮಾಡಿ, ದಿನಕ್ಕೊಂದರಂತೆ ಕಳಿಸಿದೆ. ಎಲ್ಲ ತುಂಡೂ ಬಂದ ಮೇಲೆ ಸೇರಿಸಿಕೊಂಡರೆ ಪುಸ್ತಿಕೆ ತೆರೆಯುತ್ತದೆ.

ಮಾಯಸಂದ್ರದ ಬೆಳೆಗಾರರೊಬ್ಬರು ಮೊದಲನೇ ತುಂಡು ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ನನಗೆ ವಾಪಸ್ ಕಳಿಸಿದರು. ಯಾಕೆ ಅಂತ ಕೇಳಿದೆ. ಅಣ್ಣತಮ್ಮಂದಿರ ನಡುವೆ ತೋಟ ಪಾಲು ಮಾಡಿಕೊಂಡು ಜಗಳವಿಲ್ಲದೆ ಬಾಳಿದ ಮನುಷ್ಯ ಅವರು. "ನನ್ನ ಪಾಲು ನನಗೆ ಬಂತಲ್ಲ ಸಾಮಿ. ಇನ್ನೊಬ್ಬರದು ನಂಗ್ಯಾಕೆ," ಅಂದರು.

ನಡುವೆ ತೂತಿರುವ ಕನ್ನಡಿ

ಮೇಷ್ಟ್ರಿಗೆ ಪುಸ್ತಿಕೆ ತುರ್ತಾಗಿ ಬೇಕಿತ್ತು, ಅವರ ಪೆಟ್ಟಿಗೆ ಭರ್ತಿಯಾಗಿತ್ತು. ಭಾಯಿ ಒಂದು ಉಪಾಯ ಹೇಳಿದರು. ಸಿ.ಡಿ.ಗೆ ಹಾಕಿ ಬಸ್ಸಿನಲ್ಲಿ ಕಳಿಸಿಬಿಡಿ, ಅಲ್ಲಿಯ ಶಾಲೆಯ ಕಂಪ್ಯೂಟರಿನಲ್ಲಿ ನೋಡಿಕೊಳ್ಳುತ್ತಾರೆ. ನಮ್ಮ ಕಡೆ ಬಸ್ಸಿನಲ್ಲಿ ಹೋಗದ ವಸ್ತು ಇಲ್ಲ. ಔಷಧಿ ಹೋಗುತ್ತದೆ, ಊಟದ ಕ್ಯಾರಿಯರ್ ಹೋಗುತ್ತದೆ, ಹೊಲಿಸಿದ ರವಿಕೆ ಹೋಗುತ್ತದೆ. ತುರುವೇಕೆರೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ದಬ್ಬೇಘಟ್ಟದ ಬಸ್ಸಿಗೆ ದಾಟಿಸಲು ಹೇಳಿದೆ. ಇಂಟರ್‌ನೆಟ್‌ನಲ್ಲಿ ಮಧ್ಯಾಹ್ನವೆಲ್ಲ ತಿಂದ ಪುಸ್ತಿಕೆ ಮೇಷ್ಟ್ರ ಮನೆಗೆ ಕಾಫಿ ಹೊತ್ತಿಗೆ ತಲುಪಿತು. ದೊಡ್ಡ ಫೈಲ್ ಕಳಿಸಲು ಅದಕ್ಕಿಂತ ಒಳ್ಳೆಯ ದಾರಿ ಆಗ ನಮ್ಮಲ್ಲಿರಲಿಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಒಂದು ವಾರ ಸುದ್ದಿಯಿಲ್ಲ. ಆಮೇಲೆ ಮೇಷ್ಟ್ರೇ ಬಂದರು. ಬಹಳ ಉಪಕಾರವಾಯಿತು, ಒಳ್ಳೆಯ ಕನ್ನಡಿ, ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದಕ್ಕೂ ಅನುಕೂಲವಾಗಿದೆ, ದಿನಾ ಅದರಲ್ಲೇ ಗಡ್ಡ ಮಾಡಿಕೊಳ್ಳುತ್ತಿದ್ದೇನೆ ಅಂದರು. "ನಡುವೆ ತೂತು ಬಿಟ್ಟವ್ರೆ ನೋಡು, ಮೂಗೊಂದು ಕಾಣಲ್ಲ," ಅಂತ ಸೇರಿಸಿದರು.

ನಾನು ಅವರನ್ನು ಕೂರಿಸಿ ಪುಸ್ತಿಕೆ ತೆರೆದು ಓದಿಸಿದೆ. ಅದರಲ್ಲಿ ಡಾಕ್ಟ್ರು ಸ್ಪಷ್ಟವಾಗಿ ಬರೆದಿದ್ದರು: ಬರೀ ನುಸಿಯಾದರೆ ಮರ ಕಡಿಯುವ ಅಗತ್ಯವಿಲ್ಲ, ಬೇರೆ ರೋಗವಾದರೆ ಬೇರೆ ಮಾತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಂದು ಯಾವುದು ಅಂತ ಯಾರು ಹೇಳ್ತಾರೆ?" ಅಂದರು. ಇಬ್ಬರೂ ಕೂತು, ಭಾಯಿಯ ಕೈಕಾಲು ಹಿಡಿದು, ಜಲಪಾತವನ್ನು ಕತ್ತರಿಸಿ ತೆಗೆಸಿ, ಸಣ್ಣ ಫೋಟೋ ಎರಡೇ ಎರಡು, ಡಾಕ್ಟ್ರೊಬ್ಬರಿಗೇ ಕಳಿಸಿದೆವು. ಮೇಷ್ಟ್ರ ಪೆಟ್ಟಿಗೆಯನ್ನೂ ಖಾಲಿ ಮಾಡಿಕೊಟ್ಟೆ. ನಮ್ಮ ಗುಂಪಿನ ಇತಿಹಾಸದಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ ದಿನ ಅದೊಂದೇ.

ಅದೇ ವಾರ ಸಾಹುಕಾರ್ರ ಮಗಳ ಮದುವೆಯ ಲಗ್ನಪತ್ರಿಕೆ ಅಚ್ಚಾಗಿ ಬಂತು.

ಲಗ್ನಪತ್ರಿಕೆಯನ್ನು ಅರಳೀಕಟ್ಟೆಯಲ್ಲಿಟ್ಟು

ಲಗ್ನಪತ್ರಿಕೆ ದೊಡ್ಡದಾಗಿತ್ತು. ಚಿನ್ನದ ಬಣ್ಣದ ಅಂಚು, ಒಳಗೆ ಮಡಿಕೆ ಮೇಲೆ ಮಡಿಕೆ. ಭಾಯಿ ಅದನ್ನು ಮಡಿಕೆ ಬಿಡದೆ, ಲಕೋಟೆಯ ಅರಿಶಿನ ಸಮೇತ ಸ್ಕ್ಯಾನ್ ಮಾಡಿದ್ದರು. ಫೈಲ್ ಜಲಪಾತಗಳಿಗಿಂತ ದಪ್ಪವಾಗಿತ್ತು. ಸಾಹುಕಾರ್ರೇ, ಇದನ್ನು ಗುಂಪಿನ ಜಾಗದಲ್ಲಿಡುತ್ತೇನೆ, ಲಿಂಕ್ ಮಾತ್ರ ಕಳಿಸೋಣ, ಡಾಕ್ಟ್ರು ಮೇಷ್ಟ್ರಿಗೆ ಉತ್ತರ ಬರೆಯಬೇಕಾದ ಹೊತ್ತು ಅಂತ ಬೇಡಿಕೊಂಡೆ.

ಸಾಹುಕಾರ್ರು ಒಪ್ಪಲಿಲ್ಲ. "ನಾಳೆ ನಿನ್ನ ಮನೇಲಿ ಶುಭಕಾರ್ಯ ಆಯ್ತದೆ ಅಂತಿಟ್ಕೋ. ಪತ್ರಿಕೆ ಎಲ್ಲಾ ಊರಾಚೆ ಅರಳೀಕಟ್ಟೆ ಮ್ಯಾಲೆ ಮಡಗಿದೀನಿ, ಬೇಕಾದೋರು ಹೋಗಿ ಎತ್ಕಳಿ ಅಂತೀಯೇನಪ್ಪಾ?" ಅಂದರು.

ನಮ್ಮ ಕಡೆ ಪತ್ರಿಕೆಯನ್ನು ಮನೆಮನೆಗೆ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಗಂಡಸರನ್ನು ಬೇರೆ ಹೆಂಗಸರನ್ನು ಬೇರೆ ಕರೆಯಬೇಕು. ಸಾಹುಕಾರ್ರು ಹಾಗೇ ಮಾಡಿದರು. ಮೊದಲು ಗುಂಪಿಗೆ ಕಳಿಸಿದರು. ಅದು ಎಲ್ಲರನ್ನೂ ಸೇರಿಸಿ ಕರೆದದ್ದಾಯಿತು, ಒಬ್ಬೊಬ್ಬರನ್ನು ಕರೆದಂತಾಗಲಿಲ್ಲ ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿದರು. ಆಮೇಲೆ ಮನೆ ಹೆಂಗಸರನ್ನು ಕರೆಯಲಿಲ್ಲ ಅನ್ನುವುದು ನೆನಪಾಗಿ, 'ಅಮ್ಮನವರಿಗೆ' ಅಂತ ಬರೆದು ಅದೇ ವಿಳಾಸಗಳಿಗೆ ಮತ್ತೊಮ್ಮೆ ಕಳಿಸಿದರು. ಒಂದೊಂದರಲ್ಲೂ ಪತ್ರಿಕೆ ಪೂರ್ತಿಯಾಗಿ, ಅರಿಶಿನ ಸಮೇತ.

ಎರಡು ದಿನ ಬಿಟ್ಟು ಡಾಕ್ಟ್ರು ಗುಂಪಿಗೆ ಬರೆದರು. "ನನ್ನ ಪೆಟ್ಟಿಗೆಯಲ್ಲಿ ಈಗ ಒಂದು ಮದುವೆ ಮಾತ್ರ ಇದೆ. ನಾನು ಗುಂಪು ಬಿಡುತ್ತಿದ್ದೇನೆ. ಎಲ್ಲರಿಗೂ ವಂದನೆಗಳು." ಈ ಪತ್ರವೂ ಯಾರಿಗೂ ಮುಟ್ಟಲಿಲ್ಲ, ಎಲ್ಲರ ಪೆಟ್ಟಿಗೆಯಲ್ಲೂ ಅದೇ ಮದುವೆ ಕೂತಿತ್ತು. ಹೊತ್ತು ಹೊತ್ತಿಗೆ ಪೆಟ್ಟಿಗೆ ಗುಡಿಸುತ್ತಿದ್ದವನು ನಾನೊಬ್ಬ, ನನಗೆ ಸಿಕ್ಕಿತು. ಕೂಡಲೇ ಉತ್ತರ ಬರೆದೆ. ಪೆಟ್ಟಿಗೆ ಭರ್ತಿ ಅಂತ ನನ್ನ ಉತ್ತರ ವಾಪಸ್ ಬಂತು. ಫೋನ್ ನಂಬರಿಲ್ಲ, ವಿಳಾಸವಿಲ್ಲ, ಮೊದಲು ಹೇಳಿಸಿದ್ದವರ ಹತ್ತಿರವೂ ಇ-ಮೇಲ್ ಬಿಟ್ಟರೆ ಬೇರೇನಿರಲಿಲ್ಲ. ಹಾಸನದಂಥ ಊರಿನಲ್ಲಿ ತೆಂಗಿನ ಡಾಕ್ಟ್ರ ಮನೆ ಯಾವುದು ಅಂತ ಬೀದಿಬೀದಿ ಕೇಳುವುದೆಲ್ಲಿ?

ಮೇಷ್ಟ್ರಿಗೆ ಹೇಳಲೇಬೇಕಾಯಿತು. ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ಸಾಹುಕಾರ್ರ ಮಗಳ ಮದುವೆ ಭಾನುವಾರ, ಸೋಮವಾರ ಮರ ಕುಯ್ಯುವವರು ಬರುತ್ತಾರೆ, ಪಕ್ಕದವರಿಗೆ ಮಾತು ಕೊಟ್ಟಾಗಿದೆ ಅಂದರು. ಮದುವೆಯ ಚಪ್ಪರಕ್ಕೆ ತೆಂಗಿನ ಗೊನೆ ಬೇಕು ಅಂತ ಸಾಹುಕಾರ್ರು ಕೇಳಿದ್ದರಂತೆ. "ನಮ್ಮ ತೋಟದ್ದೇ ಕಳಿಸ್ತೀನಿ. ಹೋಗೋ ಮರ, ಕೊನೇಗೆ ಒಂದು ಒಳ್ಳೇ ಕಾರ್ಯಕ್ಕಾದ್ರೂ ಆಗ್ಲಿ," ಅಂದರು. ನನಗೆ ಬಹಳ ಸಂಕಟವಾಯಿತು. ಅವತ್ತು ಅಂಗಡಿಯಲ್ಲಿ ಯಾರ ಮೇಲೆ ರೇಗಿದೆ, ಎಷ್ಟು ರೇಗಿದೆ ಅನ್ನುವುದು ಲೆಕ್ಕವಿಲ್ಲ.

ಚಪ್ಪರದ ಗೊನೆ

ಭಾನುವಾರ ಛತ್ರದ ಬಾಗಿಲಲ್ಲಿ ಬಾಳೆಕಂದು, ಅದರ ಪಕ್ಕ ಮೇಷ್ಟ್ರ ತೋಟದ ಗೊನೆಗಳು, ಗೀರು ಬಿದ್ದ ಕಾಯಿ ಮೇಲುಮೇಲಕ್ಕೇ ಕಾಣುವ ಹಾಗೆ. ಮೇಷ್ಟ್ರು ಅವುಗಳ ಕಡೆಗೆ ನೋಡದೆ ಒಳಗೆ ಹೋಗಿ ಕೂತಿದ್ದರು. ನಾನೂ ಭಾಯಿಯೂ ಬಾಗಿಲಲ್ಲಿದ್ದೆವು. ತೆಳ್ಳಗೆ ಎತ್ತರಕ್ಕಿದ್ದ ಹಿರಿಯರೊಬ್ಬರು ಹೆಂಡತಿಯ ಜೊತೆ ಆಟೋ ಇಳಿದು ಒಳಗೆ ಬರುತ್ತಿದ್ದವರು ಚಪ್ಪರದ ಕೆಳಗೆ ನಿಂತುಬಿಟ್ಟರು. ಕನ್ನಡಕ ಹಣೆಗೇರಿಸಿ ಗೊನೆಯ ಒಂದು ಕಾಯಿ ಹಿಡಿದು ತಿರುಗಿಸಿದರು. ಚಪ್ಪರಕ್ಕೆ ಕಟ್ಟಿದ್ದನ್ನು ಕೀಳುತ್ತಾರಲ್ಲ ಅಂತ ನಾನು ತಡೆಯಲು ಹೋಗುವಷ್ಟರಲ್ಲಿ ಅವರೇ ನನ್ನ ಕಡೆ ತಿರುಗಿದರು.

"ಜಲಪಾತ ಇಲ್ಲದೆ ನೋಡಿದರೆ ಚೆನ್ನಾಗಿ ಕಾಣುತ್ತೆ," ಅಂದರು.

ಭಾಯಿ ನನ್ನ ಹಿಂದೆ ಸರಿದರು. ಡಾಕ್ಟ್ರು ಬಂದದ್ದು ಹೇಗೆ ಅನ್ನುವುದನ್ನು ಅವರ ಹೆಂಡತಿಯೇ ಹೇಳಿದರು. ಯಜಮಾನರು ಪೆಟ್ಟಿಗೆ ತುಂಬಿತು ಅಂತ ಕೂಗಾಡುತ್ತಿದ್ದರಂತೆ. ಇವರು ಹೋಗಿ ನೋಡಿದರೆ ಗುರುತು ಪರಿಚಯವಿಲ್ಲದವರು ಒಂದಲ್ಲ ಮೂರು ಸಲ ಕರೆದಿದ್ದಾರೆ, ತಮ್ಮನ್ನು ಬೇರೆಯಾಗಿ ಕರೆದಿದ್ದಾರೆ. ಇಷ್ಟು ಮರ್ಯಾದಸ್ಥರ ಮನೆಗೆ ಹೋಗದಿದ್ದರೆ ಆಗುವುದಿಲ್ಲ ಅಂತ ಹೊರಡಿಸಿಕೊಂಡು ಬಂದಿದ್ದರು. ಮೇಷ್ಟ್ರಿಗೆ ಡಾಕ್ಟ್ರು ಆಗಲೇ ಎರಡು ಸಲ ಉತ್ತರ ಬರೆದಿದ್ದರಂತೆ. ಮದುವೆಗೆ ಬಡಿದು ಎರಡೂ ವಾಪಸ್ ಬಂದಿದ್ದವು.

ನಾನು ಒಳಗೆ ಓಡಿ ಮೇಷ್ಟ್ರನ್ನು ಕೈಹಿಡಿದು ಕರೆತಂದೆ. ಡಾಕ್ಟ್ರು ಕಾಯಿಯ ತೊಟ್ಟು ಕಿತ್ತು ಕೆಳಗಿನ ಗೀರು ತೋರಿಸಿದರು. "ಬರೀ ನುಸಿ. ಮರ ಗಟ್ಟಿಯಾಗಿದೆ, ಇಷ್ಟು ಕಾಯಿ ಕಟ್ಟಿದೆ ನೋಡಿ. ಬೇವಿನೆಣ್ಣೆ ಹೊಡೆಸಿ, ಗೊಬ್ಬರ ನೀರು ಕೊಡಿ. ಕಡಿಯಬೇಡಿ," ಅಂದರು. ಮೇಷ್ಟ್ರು ಆ ಕಾಯಿಯನ್ನು ಇಸಿದುಕೊಂಡು, ಪಂಚೆಯ ಅಂಚಿನಲ್ಲಿ ಒರೆಸಿ ಒರೆಸಿ ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಊಟದ ಎಲೆಯ ಮುಂದೆಯೂ ಅದನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತರು.

ಸಾಹುಕಾರ್ರು ಬೀಗರನ್ನು ಬಿಟ್ಟು ಬಂದರು. ನನ್ನ ಹೆಗಲ ಮೇಲೆ ಕೈ ಹಾಕಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು: "ಲಿಂಕು ಕೊಟ್ಟಿದ್ರೆ ಬತ್ತಿದ್ರೇನ್ಲಾ?"

ನಾನು ಸೋತೆ ಅಂತ ಒಪ್ಪಿಕೊಂಡೆ. ಡಾಕ್ಟ್ರಿಗೆ ಮಾತ್ರ ಸೋಲಲು ಇಷ್ಟವಿರಲಿಲ್ಲ. ಇಷ್ಟೆಲ್ಲ ರಾದ್ಧಾಂತ ಯಾಕೆ, ಇದೊಂದು ಕಾಯಿಯನ್ನು ಹಾಸನದ ಬಸ್ಸಿಗೆ ಹಾಕಿದ್ದರೆ ಮಧ್ಯಾಹ್ನದೊಳಗೆ ನೋಡಿ ಹೇಳುತ್ತಿದ್ದೆನಲ್ಲ ಅಂದರು. ಖುಷಿಯಲ್ಲಿದ್ದರು. ಷರತ್ತನ್ನು ಮರೆತು, ಪಂಕ್ತಿಯಲ್ಲಿ ಅಕ್ಕಪಕ್ಕ ಕೂತವರಿಗೆಲ್ಲ ಮನೆ ವಿಳಾಸ ಕೊಟ್ಟರು, ಗುಂಪಿಗೂ ಮತ್ತೆ ಸೇರುತ್ತೇನೆ ಅಂದರು.

ಸೋಮವಾರ ಮರ ಕುಯ್ಯುವವರು ಬಂದು ಕಾಫಿ ಕುಡಿದು ಹೋದರು. ಮಂಗಳವಾರದಿಂದ ಹಾಸನದ ಬಸ್ಸಿಗೆ ಕಾಯಿ ಬೀಳಲು ಶುರುವಾಯಿತು. ತಿಪಟೂರಿನಿಂದ, ತುರುವೇಕೆರೆಯಿಂದ, ಕೆಂಕೆರೆಯಿಂದ. ತೋರಿಸುವುದಕ್ಕೆ ಒಂದು ಸಾಕು. ಆದರೆ ದೊಡ್ಡ ಮನುಷ್ಯರ ಮನೆಗೆ ಒಂಟಿ ಕಾಯಿ ಕಳಿಸುವುದು ಹೇಗೆ? ಒಬ್ಬರು ಗೊನೆ ಕಳಿಸಿದರು, ಒಬ್ಬರು ಮೂಟೆ ಕಳಿಸಿದರು. ಸಾಹುಕಾರ್ರು ಮೂರು ಸಲ ಕಳಿಸಿದರು, ಕೊನೆಯದು ಅಮ್ಮನವರಿಗೆ. ಕಂಡಕ್ಟರುಗಳು ಇಳಿಸಿದ್ದನ್ನೆಲ್ಲ ಆಟೋದವರು ತಂದು ಜಗುಲಿಗೆ ಸುರಿದು, ಜಗುಲಿ ತುಂಬಿದ ಮೇಲೆ ಗೇಟಿನ ಹೊರಗೂ ಸುರಿದರಂತೆ.

ಶನಿವಾರ ಡಾಕ್ಟ್ರ ಪತ್ರ ಗುಂಪಿಗೆ ಬಂತು. ಎಲ್ಲರ ಪೆಟ್ಟಿಗೆಯೂ ಖಾಲಿಯಿತ್ತು, ಎಲ್ಲರಿಗೂ ಮುಟ್ಟಿತು.

"ದಯವಿಟ್ಟು ಫೋಟೋ ಕಳಿಸಿ. ಎಷ್ಟು ದೊಡ್ಡದಾದರೂ ಪರವಾಗಿಲ್ಲ. ಜಲಪಾತವೂ ಇರಲಿ."